ಕೋಡಿಂಗ್ ಬಾರದವನು ಖಾನಾವಳಿಗೊಂದು ಆ್ಯಪ್ ಬಿಟ್ಟ ಅನುಭವ

ನಾಳೆ ಎಷ್ಟು ಮಂದಿ ಊಟಕ್ಕೆ ಬರುತ್ತಾರೆ ಅಂತ ಖಾನಾವಳಿಗೆ ಹೇಳುವ ನಮ್ಮ ಆ್ಯಪ್ ಹೋದ ವಾರ ಪ್ಲೇ ಸ್ಟೋರ್‌ಗೆ ಬಂತು. ಹೆಸರು ಇಲ್ಲಿ ಹೇಳಲ್ಲ, ಇದು ಪ್ರಚಾರಕ್ಕೆ ಬರೆದದ್ದಲ್ಲ. ವಿಜಯಪುರದಲ್ಲಿ ಕೂತು, ಒಂದು ಸಾಲು ಕೋಡ್ ಬರೆಯಲು ಬಾರದವನು ಸಣ್ಣದೊಂದು ಸಾಫ್ಟ್‌ವೇರ್ ಹೊರಗೆ ತರಬೇಕು ಅಂದರೆ ಏನೇನು ಅಡ್ಡ ಬರುತ್ತದೆ ಅಂತ ಹೇಳುವವರು ನನಗೆ ಯಾರೂ ಸಿಗಲಿಲ್ಲ. ನೋಡಿದ ವಿಡಿಯೋಗಳಲ್ಲೆಲ್ಲ 'ಒಂದೇ ಸಂಜೆಯಲ್ಲಿ ಆ್ಯಪ್ ಮಾಡಿ' ಅಂತಲೇ ಇತ್ತು. ಅದು ಸುಳ್ಳಲ್ಲ. ಆ್ಯಪ್ ಬೇಗನೇ ಆಗುತ್ತದೆ. ತಡ ಆಗುವುದು ಅದರ ಸುತ್ತ ಇರುವ ಕೆಲಸ: ಕಾರ್ಡು, ಬ್ಯಾಂಕು, ಗುರುತಿನ ಚೀಟಿ, ಓಟಿಪಿ, ಟೆಸ್ಟರ್‌ಗಳು. ದಸರೆ ಮುಗಿದ ಮೇಲೆ ಶುರು ಮಾಡಿದ್ದು ಶಿವರಾತ್ರಿ ಹತ್ತಿರ ಬಂದಾಗ ಮುಗಿಯಿತು.

ನಾನು ಓದಿದ್ದು ಬಿ.ಕಾಂ. ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ವಸೂಲಿ ಕೆಲಸ. ಜೋಳದ ಹಿಟ್ಟು, ಎಣ್ಣೆ, ಬೇಳೆ, ಶೇಂಗಾ ಒಯ್ದ ಖಾನಾವಳಿಗಳಿಗೆ ವಾರವಾರ ಹೋಗಿ ಬಾಕಿ ತರಬೇಕು. ಹೋದಲ್ಲೆಲ್ಲ ಒಂದೇ ಗೋಳು. ನಮ್ಮ ಊರಲ್ಲಿ ಕಾಂಪಿಟಿಟಿವ್ ಪರೀಕ್ಷೆಗೆ ಓದುವ ಹುಡುಗರು ಜಾಸ್ತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ತಾಳಿಕೋಟಿ ಕಡೆಯಿಂದ ಬಂದು ರೂಮು ಮಾಡಿಕೊಂಡು ಪಿಎಸ್‌ಐ, ಎಫ್‌ಡಿಎ, ಪಿಡಿಒ ಅಂತ ಓದುತ್ತಾರೆ. ಊಟಕ್ಕೆ ತಿಂಗಳ ಲೆಕ್ಕದಲ್ಲಿ ಖಾನಾವಳಿ. ಊರಿಗೆ ಹೋದರೆ ಸೂಟಿ, ಅಂದರೆ ರಜೆ, ಹಾಕಬೇಕು, ಅಷ್ಟು ದಿನದ ದುಡ್ಡು ಕಡಿತ. ಆದರೆ ಸೂಟಿಯನ್ನು ಬಾಯಲ್ಲಿ ಹೇಳಿ ಹೋಗುತ್ತಾರೆ. ಯಾರೋ ಡಬ್ಬಿ ಹುಡುಗನಿಗೆ ಹೇಳಿರುತ್ತಾರೆ, ಅವನು ಖಾನಾವಳಿ ನಡೆಸುವ ಅಕ್ಕಾರಿಗೆ ಹೇಳಿರುವುದಿಲ್ಲ. ತಿಂಗಳ ಕೊನೆಗೆ ಜಗಳ. ಅದಕ್ಕಿಂತ ದೊಡ್ಡ ನಷ್ಟ ದಿನಾ ಆಗುವುದು. ಎಂಬತ್ತು ಮಂದಿಗೆ ಅಂತ ಮಾಡಿದರೆ ಅರವತ್ತು ಮಂದಿ ಬಂದಿರುತ್ತಾರೆ. ರೊಟ್ಟಿ ಉಳಿದರೆ ಒಣಗಿಸಿ ಖಡಕ್ ರೊಟ್ಟಿ ಅಂತ ಇಡಬಹುದು. ಚಪಾತಿ, ಅನ್ನ, ಪಲ್ಯ ಉಳಿದರೆ ಏನು ಮಾಡೋದು? ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಎಣಿಕೆ ಮೇಲೆ ಕೂಲಿ, ಉಳಿದ ರೊಟ್ಟಿಗೂ ಕೊಡಲೇಬೇಕು.

ಜಲನಗರದ ಕಡೆ ಒಬ್ಬ ಅಕ್ಕಾರು ಖಾನಾವಳಿ ನಡೆಸುತ್ತಾರೆ. ಆ್ಯಪ್ ಮಾಡುವ ವಿಚಾರ ಮೊದಲು ಹೇಳಿದ್ದು ಅವರಿಗೇ. ಮೆನು ತೋರಿಸೋಣ, ದುಡ್ಡು ಕಟ್ಟುವ ವ್ಯವಸ್ಥೆ ಮಾಡೋಣ, ಹುಡುಗರು ಸ್ಟಾರ್ ಕೊಡಲಿ, ಡಬ್ಬಿ ಎಲ್ಲಿದೆ ಅಂತ ನಕ್ಷೆಯಲ್ಲಿ ಕಾಣಲಿ ಅಂತ ಉತ್ಸಾಹದಲ್ಲಿ ಹೇಳುತ್ತಲೇ ಹೋದೆ. ಅವರು ಹಿಟ್ಟು ನಾದುತ್ತಾ ಕೇಳಿಸಿಕೊಂಡು, "ತಮ್ಮಾ, ನಾಳಿ ಎಷ್ಟ ಮಂದಿ ಊಟಕ್ಕ ಬರ್ತಾರ ಅಷ್ಟ ಹೇಳಪಾ. ಉಳಿದದ್ದೆಲ್ಲಾ ನಾ ನೋಡ್ಕೋತೀನಿ" ಅಂದರು.

ಆ ಮಾತನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳದೆ ಎರಡು ಕಡೆ ಕೊಟೇಶನ್ ಕೇಳಿದೆ. ಬೆಂಗಳೂರಿನ ಒಂದು ಕಂಪನಿ ಮೂರೂವರೆ ಲಕ್ಷ, ಆರು ತಿಂಗಳು ಅಂತು. ಅವರು ಕಳಿಸಿದ ಪಿಡಿಎಫ್ ಮಾತ್ರ ಬಹಳ ಚೆನ್ನಾಗಿತ್ತು. ಇಲ್ಲೇ ಸ್ಟೇಷನ್ ರೋಡಿನ ಕಡೆ ವೆಬ್‌ಸೈಟ್ ಮಾಡಿಕೊಡುವ ಒಬ್ಬರು ಎಂಬತ್ತು ಸಾವಿರ ಅಂದರು, ಅರ್ಧ ಮೊದಲೇ ಕೊಡಬೇಕು. ನನ್ನ ಹತ್ತಿರ ಇದ್ದದ್ದು ನಲವತ್ತು ಸಾವಿರ, ಅದೂ ಗಾಡಿ ರಿಪೇರಿಗೆ ಅಂತ ಇಟ್ಟದ್ದು. ದುಡ್ಡು ಇಲ್ಲದ್ದೇ ಒಳ್ಳೆಯದಾಯಿತು ಅಂತ ಈಗ ಅನಿಸುತ್ತದೆ. ಇದ್ದಿದ್ದರೆ ನಲವತ್ತು ಪರದೆಯ ಆ್ಯಪ್ ಬರುತ್ತಿತ್ತು, ಅಕ್ಕಾರು ಕೇಳಿದ ಒಂದು ಸಂಖ್ಯೆ ಎಲ್ಲೋ ಮೂಲೆಯಲ್ಲಿ ಇರುತ್ತಿತ್ತು.

ಹಾಗಾಗಿ ಮೊದಲ ಹೆಜ್ಜೆಯಲ್ಲಿ ಆ್ಯಪ್ ಇರಲೇ ಇಲ್ಲ. ಗೂಗಲ್ ಫಾರ್ಮ್ ಒಂದು ಮಾಡಿದೆ: ಮೆಂಬರ್ ನಂಬರ್, ಯಾವತ್ತಿನಿಂದ ಸೂಟಿ, ಯಾವತ್ತಿನವರೆಗೆ. ಅದರ ಕೆಳಗೆ ಗೂಗಲ್ ಶೀಟ್. ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಹಾಕಿದೆ. ಖರ್ಚು ಸೊನ್ನೆ. ರಾತ್ರಿ ಒಂಬತ್ತರ ಮೇಲೆ ನಾನೇ ಕೂತು ಎಣಿಸಿ ಅಕ್ಕಾರಿಗೆ 'ನಾಳೆ ಮಧ್ಯಾಹ್ನ 63, ರಾತ್ರಿ 58' ಅಂತ ಮೆಸೇಜ್ ಕಳಿಸುತ್ತಿದ್ದೆ. ಅವರ ಪಾಲಿಗೆ ಅದೇ ಆ್ಯಪ್. ಒಳಗೆ ಮನುಷ್ಯ ಕೂತಿದ್ದಾನೋ ಯಂತ್ರ ಕೂತಿದೆಯೋ ಅವರಿಗೇನು?

ಈ ಹಂತವನ್ನು ಯಾರೂ ಬಿಡಬೇಡಿ. ಇಲ್ಲಿ ತಿಳಿದದ್ದು ಆಮೇಲೆ ಎಲ್ಲೂ ತಿಳಿಯುತ್ತಿರಲಿಲ್ಲ. ಹುಡುಗರು ಸೂಟಿ ಹಾಕುವುದು ರಾತ್ರಿ ಹನ್ನೊಂದಕ್ಕೆ, ಬ್ಯಾಗು ತುಂಬುವಾಗ. ಹಾಗಾದರೆ ಗಡುವು ಯಾವಾಗ? ಅಕ್ಕಾರು ಹೇಳಿದರು, ಜೋಳದ ಹಿಟ್ಟು ಬೆಳಿಗ್ಗೆ ಆರಕ್ಕೆ ತೆಗೆಯುತ್ತೇವೆ, ಅಲ್ಲಿಯವರೆಗೆ ನಡೆಯುತ್ತದೆ ಅಂತ. ನಾನು ರಾತ್ರಿ ಒಂಬತ್ತು ಅಂತ ಇಟ್ಟ ಗಡುವಿಗೆ ಯಾವ ಅರ್ಥವೂ ಇರಲಿಲ್ಲ. ಇನ್ನೊಂದು, ಒಂದೇ ಹೆಸರಿನವರು ಬಹಳ. ಬಸವರಾಜ ಅಂತಲೇ ಏಳು ಜನ. ಅಕ್ಕಾರು ಗುರುತಿಸುವುದು 'ಚಡಚಣದ ಬಸು', 'ತಿಕೋಟಾದ ಬಸು' ಅಂತ. ಹೆಸರಿನ ಪಕ್ಕ ಊರು ಬೇಕೇ ಬೇಕು ಅಂತ ಯಾವ ಕಂಪನಿಯ ಪಿಡಿಎಫ್‌ನಲ್ಲೂ ಇರಲಿಲ್ಲ. ಶೀಟನ್ನು ಅಕ್ಕಾರು ಒಮ್ಮೆಯೂ ತೆರೆಯಲಿಲ್ಲ, ಅಷ್ಟು ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ.

ಎರಡನೇ ಖಾನಾವಳಿ ಸೇರಿಸುವಾಗ ಬೇರೆ ತಾಪತ್ರಯ. ಅವರ ಮೆಂಬರ್ ಪಟ್ಟಿ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದು. ಶೀಟಿಗೆ ಅಂಟಿಸಿದರೆ ಎಲ್ಲ ಇಂಗ್ಲಿಷ್ ಅಕ್ಷರ, ಅರ್ಥವಿಲ್ಲದ ಚಿಹ್ನೆ. ಹಳೆಯ ನುಡಿ ಬರಹ ಎಲ್ಲ ಫೋನು, ಕಂಪ್ಯೂಟರು ಓದುವ ಯೂನಿಕೋಡ್ ಅಲ್ಲ, ಅದನ್ನು ಮೊದಲು ಯೂನಿಕೋಡ್‌ಗೆ ಬದಲಾಯಿಸಬೇಕು. ಬದಲಾಯಿಸುವ ಉಚಿತ ಸಾಧನಗಳಿವೆ. ಒತ್ತಕ್ಷರ ಮಾತ್ರ ಒಂದೊಂದಾಗಿ ಕಣ್ಣಲ್ಲಿ ನೋಡಿ ತಿದ್ದಿಕೊಳ್ಳಿ.

ದೀಪಾವಳಿ ಆದ ಮೇಲೆ ಆ್ಯಪ್ ಕಟ್ಟಲು ಕೂತೆ. ಮೊದಲು ನೋಡಿದ್ದು ಗೂಗಲ್‌ನ ಆ್ಯಪ್‌ಶೀಟ್. ಶೀಟ್ ಕೊಟ್ಟರೆ ಅದರ ಮೇಲೇ ಆ್ಯಪ್ ಆಗುತ್ತದೆ, ಹತ್ತು ಜನರವರೆಗೆ ಇಟ್ಟುಕೊಂಡು ಪರೀಕ್ಷೆ ಮಾಡಲು ದುಡ್ಡಿಲ್ಲ. ಚೆನ್ನಾಗಿತ್ತು. ಆದರೆ ಆಮೇಲೆ ಬಳಸುವವರ ತಲೆಗೆ ತಿಂಗಳಿಗೆ 5 ಡಾಲರ್‌ನಿಂದ ಶುರು. ಆಫೀಸಿನ ಹತ್ತು ಮಂದಿಗೆ ಸರಿ, ಎಂಬತ್ತು ಹುಡುಗರಿಗೆ ಯಾರು ಕಟ್ಟುತ್ತಾರೆ? ಬೆಲೆಯ ಪುಟದಲ್ಲಿ 'ಪ್ರತಿ ಬಳಕೆದಾರನಿಗೆ' ಅಂತ ಇದೆಯೋ ಇಲ್ಲವೋ ಅಂತ ಮೊದಲೇ ನೋಡಿಕೊಳ್ಳಿ.

ಆಮೇಲೆ ಹಿಡಿದದ್ದು ಮಾತಲ್ಲಿ ಹೇಳಿದರೆ ಕೋಡ್ ಬರೆದು ವೆಬ್ ಆ್ಯಪ್ ಮಾಡಿಕೊಡುವ ಎಐ ಸಾಧನ. ಇಂಥವು ಈಗ ಬೇಕಾದಷ್ಟಿವೆ, ತಿಂಗಳಿಗೆ 20–25 ಡಾಲರ್. ದುಡ್ಡು ಕಟ್ಟಲು ಹೋದರೆ ನನ್ನ ಸಹಕಾರಿ ಬ್ಯಾಂಕಿನ ರುಪೇ ಕಾರ್ಡನ್ನು ಆ ಸೈಟು ತೆಗೆದುಕೊಳ್ಳಲಿಲ್ಲ. ಇನ್ನೊಂದು ಬ್ಯಾಂಕಿನ ವೀಸಾ ಡೆಬಿಟ್ ಕಾರ್ಡ್ ಇತ್ತು, ಅದೂ ಫೇಲ್. ಕಾರಣ ಏನು ಗೊತ್ತಾ? 2020ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮ ಇದೆ, ಹೊಸ ಕಾರ್ಡು ಬರುವಾಗ ದೇಶದ ಒಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಕ್ಕೆ ಮಾತ್ರ ಚಾಲೂ ಇರುತ್ತದೆ. ಆನ್‌ಲೈನ್ ಮತ್ತು ವಿದೇಶಿ ವ್ಯವಹಾರವನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿಯನ್ನೂ ಇಡಬೇಕು. ಎರಡು ಗುಂಡಿ ಒತ್ತುವ ಕೆಲಸ, ಅದು ಗೊತ್ತಾಗುವವರೆಗೆ ಅರ್ಧ ವಾರ ಹೋಯಿತು. ಡಾಲರ್ ಬೆಲೆಯ ಮೇಲೆ ಜಿಎಸ್‌ಟಿ, ಬ್ಯಾಂಕಿನ ವಿನಿಮಯ ಶುಲ್ಕ ಸೇರುತ್ತದೆ. ಅಂದಾಜಿಗಿಂತ ಕಾಲು ಭಾಗ ಜಾಸ್ತಿ ಇಟ್ಟುಕೊಳ್ಳಿ.

ಕಟ್ಟುವ ಕೆಲಸ ನಿಜಕ್ಕೂ ಖುಷಿ ಕೊಟ್ಟಿತು. ಅರ್ಧ ಕನ್ನಡ ಅರ್ಧ ಇಂಗ್ಲಿಷ್‌ನಲ್ಲಿ ನನ್ನ ಭಾಷೆಯಲ್ಲೇ ಬರೆದೆ. ಮೂರೇ ಪರದೆ. ಹುಡುಗನಿಗೆ ಒಂದು: ಕ್ಯಾಲೆಂಡರ್, 'ಸೂಟಿ' ಅನ್ನೋ ಗುಂಡಿ. ಅಕ್ಕಾರಿಗೆ ಒಂದು: ಪರದೆ ತುಂಬ ದೊಡ್ಡದಾಗಿ ನಾಳೆಯ ಎರಡು ಸಂಖ್ಯೆ, ಕೆಳಗೆ ಸೂಟಿಯಲ್ಲಿ ಇರುವವರ ಹೆಸರು, ಊರು. ಮೂರನೆಯದು ತಿಂಗಳ ಕೊನೆಯ ಲೆಕ್ಕ, ಯಾರಿಗೆ ಎಷ್ಟು ದಿನ ಕಡಿತ. ಮೊದಲ ಸಂಜೆಯೇ ಏನೋ ಒಂದು ಓಡಾಡುವಂಥದ್ದು ಕಣ್ಣ ಮುಂದೆ ಬಂತು, ನಿದ್ದೆ ಬರಲಿಲ್ಲ. ಆದರೆ ಆಮೇಲಿನ ತಿದ್ದುಪಡಿಗೆ ಹಿಡಿದ ಸಮಯ ಕೇಳಬೇಡಿ. ಒಂದು ಕಡೆ ಸರಿ ಮಾಡು ಅಂದರೆ ಇನ್ನೊಂದು ಕಡೆ ಕೆಡಿಸುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಕೇಳಿ, ಸರಿ ಆದ ಕೂಡಲೇ ಆ ಆವೃತ್ತಿ ಉಳಿಸಿಕೊಳ್ಳಿ, ಕೆಟ್ಟರೆ ಹಿಂದಕ್ಕೆ ಹೋಗಿ. ತಿದ್ದಿಸುತ್ತಾ ಕೂತರೆ ತಿಂಗಳ ಕ್ರೆಡಿಟ್, ಅಂದರೆ ಕೊಟ್ಟ ದುಡ್ಡಿಗೆ ಸಿಗುವ ಬಳಕೆಯ ಪಾಲು, ಖಾಲಿ ಆಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಓಣಿಯ ಒಬ್ಬ ಹುಡುಗ ಇಂಜಿನಿಯರಿಂಗ್ ಕೊನೆಯ ವರ್ಷ, ಕಂಪ್ಯೂಟರ್ ಸೈನ್ಸ್. ಎಲ್ಲ ಆದ ಮೇಲೆ ಅವನಿಗೆ ತೋರಿಸಿದೆ. ಹತ್ತು ನಿಮಿಷ ನೋಡಿ, "ಅಣ್ಣಾರ, ಲಾಗಿನ್ ಇಲ್ಲದನ ಎಲ್ಲಾರ ಫೋನ್ ನಂಬರ್ ಬರ್ತಾವ ನೋಡ್ರಿ" ಅಂದ. ಪರದೆಯಲ್ಲಿ ಕಾಣುತ್ತಿರಲಿಲ್ಲ, ಆದರೆ ಪರದೆಯ ಹಿಂದೆ ಮಾಹಿತಿ ಕೂಡಿಡುವ ಡೇಟಾಬೇಸ್‌ಗೆ ಬೀಗವೇ ಇರಲಿಲ್ಲ. ಯಾರ ಮಾಹಿತಿಯನ್ನು ಯಾರು ಓದಬಹುದು ಅನ್ನುವ ನಿಯಮ ಬರೆದಿರಬೇಕಿತ್ತು, ಆ ಸಾಧನ ಬರೆದಿರಲಿಲ್ಲ. ನಮ್ಮಂಥವರಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಪರದೆ ಚೆಂದ ಇದೆ, ಕೆಲಸ ಮಾಡುತ್ತಿದೆ, ಅಷ್ಟೇ ನೋಡುತ್ತೇವೆ. ಅವನಿಗೆ ಎಂಟು ಸಾವಿರ ಕೊಟ್ಟು ಎಲ್ಲ ಸರಿ ಮಾಡಿಸಿದೆ. ಇಡೀ ಖರ್ಚಿನಲ್ಲಿ ಅತಿ ಸಾರ್ಥಕ ಎನಿಸಿದ್ದು ಈ ಎಂಟು ಸಾವಿರ. ಜನರ ವೈಯಕ್ತಿಕ ಮಾಹಿತಿ ಕಾಪಾಡುವುದಕ್ಕೆ 2023ರಲ್ಲಿ ಕಾಯ್ದೆಯೇ ಬಂದಿದೆ. ಕಾಯ್ದೆ ಬಿಡಿ, ಖಾನಾವಳಿಯಲ್ಲಿ ಊಟ ಮಾಡುವ ಹೆಣ್ಣುಮಕ್ಕಳ ನಂಬರೂ ಅದರಲ್ಲಿ ಇದ್ದವು. ನಿಜವಾದ ಒಂದು ನಂಬರ್ ಸೇರಿಸುವ ಮೊದಲೇ ಕೋಡ್ ಗೊತ್ತಿರುವ ಯಾರಿಗಾದರೂ ದುಡ್ಡು ಕೊಟ್ಟು ತೋರಿಸಿ. ಉಚಿತ ಡೇಟಾಬೇಸ್ ಬಳಸುವವರು ಇನ್ನೊಂದು ನೋಡಿಕೊಳ್ಳಿ, ಕೆಲವು ಸೇವೆಗಳು ಒಂದು ವಾರ ಯಾರೂ ಮುಟ್ಟದಿದ್ದರೆ ನಿಲ್ಲಿಸಿಬಿಡುತ್ತವೆ.

ಲಾಗಿನ್‌ಗೆ ಎಲ್ಲರಂತೆ ನಮಗೂ ಮೊಬೈಲ್ ಓಟಿಪಿ ಬೇಕು ಅಂತಿತ್ತು. ಕೇಳಲು ಸಣ್ಣದು. ಭಾರತದಲ್ಲಿ ವ್ಯಾಪಾರದ ಎಸ್‌ಎಂಎಸ್ ಕಳಿಸಬೇಕು ಅಂದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಡಿಎಲ್‌ಟಿಯಲ್ಲಿ ನೋಂದಣಿ ಆಗಬೇಕು. ಅಂದರೆ ಟೆಲಿಕಾಂ ಕಂಪನಿಯ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು, ದಾಖಲೆ, ಶುಲ್ಕ, ಆಮೇಲೆ ಹೆಡರ್ ಅಂದರೆ ಮೆಸೇಜಿನ ಮೇಲೆ ಕಾಣುವ ಕಳಿಸುವವರ ಹೆಸರು, ಆಮೇಲೆ ಕಳಿಸುವ ಮೆಸೇಜಿನ ಒಂದೊಂದು ನಮೂನೆ. ಒಂದೊಂದಕ್ಕೂ ಒಪ್ಪಿಗೆ ಸಿಗಬೇಕು. ಜೊತೆಗೆ ಕನ್ನಡದಲ್ಲಿ ಕಳಿಸಿದರೆ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಅಷ್ಟೇ, ಇಂಗ್ಲಿಷ್‌ಗಾದರೆ 160. ನಮ್ಮಲ್ಲಿ ಕಾಗುಣಿತದ ಗುರುತು, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. 'ನಿಮ್ಮ ಸೂಟಿ ದಾಖಲಾಗಿದೆ' ಅಂತ ಹೇಳಿ ತಾರೀಕು, ಖಾನಾವಳಿ ಹೆಸರು ಹಾಕುವಷ್ಟರಲ್ಲಿ ಒಂದು ಮೆಸೇಜಿಗೆ ಎರಡು ಮೆಸೇಜಿನ ದುಡ್ಡು.

ಡಿಎಲ್‌ಟಿ ಅರ್ಜಿ ತುಂಬುತ್ತಾ ಒಂದು ಮಧ್ಯಾಹ್ನ ಬೇಸರ ಬಂದು ಗಾಂಧಿ ಚೌಕದಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾಗ ಅದೇ ಇಂಜಿನಿಯರಿಂಗ್ ಹುಡುಗ ಕೇಳಿದ, "ಓಟಿಪಿ ಯಾಕ ಬೇಕ್ರಿ?" ಅಂತ. ಹೌದಲ್ಲ! ಎಲ್ಲ ಮೆಂಬರ್‌ಗಳನ್ನೂ ಅಕ್ಕಾರು ಮುಖ ನೋಡಿಯೇ ಸೇರಿಸಿಕೊಳ್ಳುತ್ತಾರೆ. ಆಗಲೇ ಒಂದು ಮೆಂಬರ್ ನಂಬರ್, ನಾಲ್ಕು ಅಂಕಿಯ ಪಿನ್ ಬರೆದು ಕೊಟ್ಟರೆ ಮುಗಿಯಿತು. ಕೆಲವು ಸಲ ತಪ್ಪು ಒತ್ತಿದರೆ ಖಾತೆ ಬಂದ್, ಅಕ್ಕಾರೇ ಮತ್ತೆ ತೆರೆಯಬೇಕು. ಎಸ್‌ಎಂಎಸ್ ಅನ್ನೋ ಅಧ್ಯಾಯವೇ ಹರಿದು ಹೋಯಿತು. ನಿಮ್ಮದು ಊರಿನ ಮಟ್ಟದ, ಮುಖ ಪರಿಚಯದ ವ್ಯವಹಾರ ಆಗಿದ್ದರೆ ಓಟಿಪಿ ಬೇಕೇ ಅಂತ ಒಮ್ಮೆ ಕೇಳಿಕೊಳ್ಳಿ.

ಈ ವೆಬ್ ಲಿಂಕನ್ನೇ ಎಳ್ಳ ಅಮಾವಾಸ್ಯೆಗೆ ಮೊದಲು ಹುಡುಗರಿಗೆ ಕೊಟ್ಟೆವು. ಬೇಕಂತಲೇ ಆ ಸಮಯ ಆರಿಸಿದ್ದು. ಚರಗ ಚೆಲ್ಲಲು ಹೊಲದ ಮನೆಯವರೆಲ್ಲ ಊರಿಗೆ ಹೋಗುತ್ತಾರೆ, ಖಾನಾವಳಿ ಅರ್ಧಕ್ಕೆ ಅರ್ಧ ಖಾಲಿ. ಹಿಂದಿನ ವರ್ಷ ಆ ದಿನ ಅಕ್ಕಾರಿಗೆ ಅಡುಗೆ ಉಳಿದು ಸಾಕಾಗಿತ್ತು. ಈ ಸಲ ಪರದೆ ಮೇಲೆ 22 ಅಂತ ಬಂತು. ಅಕ್ಕಾರಿಗೆ ನಂಬಿಕೆ ಇಲ್ಲ, ಮೂವತ್ತು ಮಂದಿಗೆ ಮಾಡಿದರು. ಬಂದದ್ದು 24, ಇಬ್ಬರು ಸೂಟಿ ಹಾಕಿ ಬಸ್ ತಪ್ಪಿಸಿಕೊಂಡು ವಾಪಸ್ ಬಂದಿದ್ದರು. ಮರುದಿನ ಅವರೇ ಫೋನ್ ಮಾಡಿ, "ಇವತ್ತಿಂದ ಎಷ್ಟ ತೋರಸ್ತೈತಿ?" ಅಂತ ಕೇಳಿದರು. ನೀವೇ ನೋಡ್ರಿ ಅಕ್ಕಾರ, ನಿಮ್ಮ ಫೋನಿನಲ್ಲೇ ಇದೆ ಅಂದೆ.

ಪ್ಲೇ ಸ್ಟೋರ್ ಇಲ್ಲದೆಯೂ ನಡೆಯುತ್ತಿತ್ತು. ಕ್ರೋಮ್‌ನಲ್ಲಿ ಲಿಂಕ್ ತೆರೆದು ಹೋಮ್ ಸ್ಕ್ರೀನ್‌ಗೆ ಸೇರಿಸಿದರೆ ಐಕಾನ್ ಬರುತ್ತದೆ, ಆ್ಯಪ್‌ನಂತೆಯೇ ತೆರೆಯುತ್ತದೆ. ಆದರೆ ಬೇರೆ ಖಾನಾವಳಿಯವರ ಹತ್ತಿರ ಹೋದಾಗ ಮೊದಲ ಪ್ರಶ್ನೆ, "ಪ್ಲೇ ಸ್ಟೋರ್‌ನ್ಯಾಗ ಐತೇನ್ರಿ?" ಇಲ್ಲ ಅಂದರೆ ಮುಖ ಬೇರೆ ಕಡೆ. ಲಿಂಕ್ ಒತ್ತಿ ದುಡ್ಡು ಕಳೆದುಕೊಂಡವರ ಸುದ್ದಿ ದಿನಾ ಕೇಳುತ್ತಾರಲ್ಲ, ಅವರದ್ದೂ ತಪ್ಪಲ್ಲ.

ಪ್ಲೇ ಸ್ಟೋರ್‌ಗೆ ಆ್ಯಪ್ ಏರಿಸಲು ಬೇಕಾದ ಪ್ಲೇ ಕನ್ಸೋಲ್ ಖಾತೆಗೆ 25 ಡಾಲರ್, ಒಂದೇ ಸಲ. ವೈಯಕ್ತಿಕ ಖಾತೆಯೋ ಸಂಸ್ಥೆಯ ಖಾತೆಯೋ ಅಂತ ಕೇಳುತ್ತದೆ. ಸಂಸ್ಥೆ ಅಂದರೆ ಡನ್ಸ್ ನಂಬರ್ ಅನ್ನೋ ಸಂಸ್ಥೆಗಳ ಗುರುತಿನ ಸಂಖ್ಯೆ ಬೇಕು. ವೈಯಕ್ತಿಕ ಅಂದರೆ ಗುರುತಿನ ಚೀಟಿ, ವಿಳಾಸ, ಜೊತೆಗೆ ಒಂದು ನಿಜವಾದ ಆ್ಯಂಡ್ರಾಯ್ಡ್ ಫೋನ್ ಇದೆ ಅಂತ ಪ್ಲೇ ಕನ್ಸೋಲ್ ಆ್ಯಪ್‌ನಿಂದ ಸಾಬೀತು. ನಿಮ್ಮ ಕಾನೂನುಬದ್ಧ ಹೆಸರು ಸ್ಟೋರ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಆ್ಯಪ್‌ನಿಂದ ದುಡ್ಡು ಮಾಡುವವರಾದರೆ ಪೂರ್ತಿ ವಿಳಾಸವೂ. ಇದು ಮೊದಲೇ ಗೊತ್ತಿರಲಿ, ಮುಖ್ಯವಾಗಿ ಮನೆ ವಿಳಾಸ ಕೊಡುವ ಹೆಣ್ಣುಮಕ್ಕಳಿಗೆ.

ನಿಜವಾದ ಕಾಯುವಿಕೆ ಇದರ ನಂತರ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆ ಆದರೆ, ಆ್ಯಪ್ ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಟೆಸ್ಟರ್‌ಗಳು 14 ದಿನ ಬಿಡುವಿಲ್ಲದೆ ಮುಚ್ಚಿದ ಪರೀಕ್ಷೆಯಲ್ಲಿ, ಅಂದರೆ ನಾವು ಆರಿಸಿದವರಿಗೆ ಮಾತ್ರ ಆ್ಯಪ್ ಸಿಗುವ ಪರೀಕ್ಷೆಯಲ್ಲಿ, ಇರಬೇಕು. ಮೊದಲು 20 ಮಂದಿ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಎಂಬತ್ತು ಹುಡುಗರು ಇರುವಾಗ ಹನ್ನೆರಡು ಯಾವ ಲೆಕ್ಕ ಅಂದುಕೊಂಡಿದ್ದೆ. ಅವರ ಜಿಮೇಲ್ ಕೇಳಿದೆ. ಅರ್ಧ ಜನ ಕೊಟ್ಟದ್ದು ಪರೀಕ್ಷೆ ಅರ್ಜಿ ತುಂಬಲು ಸೈಬರ್ ಕೆಫೆಯಲ್ಲಿ ಮಾಡಿಸಿದ ಜಿಮೇಲ್, ಫೋನಿನ ಪ್ಲೇ ಸ್ಟೋರ್‌ನಲ್ಲಿ ಇರುವುದು ಬೇರೆ ಜಿಮೇಲ್. ಲಿಂಕ್ ಒತ್ತಿದರೆ ಆ್ಯಪ್ ಸಿಗುವುದಿಲ್ಲ. "ಅಣ್ಣಾರ, ಸಿಗವಲ್ದು ನೋಡ್ರಿ" ಅಂತ ರಾತ್ರಿಯೆಲ್ಲ ಮೆಸೇಜು. ಕೊನೆಗೆ ಊಟದ ಹೊತ್ತಿಗೆ ಖಾನಾವಳಿಯಲ್ಲೇ ನಿಂತು, ಒಬ್ಬೊಬ್ಬರ ಫೋನ್ ತೆಗೆದುಕೊಂಡು ಪ್ಲೇ ಸ್ಟೋರ್‌ನ ಬಲ ಮೂಲೆಯ ಚಿತ್ರ ಒತ್ತಿ ಯಾವ ಜಿಮೇಲ್ ಇದೆ ಅಂತ ನಾನೇ ಬರೆದುಕೊಂಡೆ. ನೀವೂ ಹಾಗೇ ಮಾಡಿ, ಬಾಯಲ್ಲಿ ಹೇಳಿದ ಜಿಮೇಲ್ ನಂಬಬೇಡಿ.

ನಡುವೆ ಸಂಕ್ರಾಂತಿ, ಸಿದ್ಧೇಶ್ವರ ಜಾತ್ರೆ. ಜಾತ್ರೆ ಗದ್ದಲದಲ್ಲಿ ಯಾರಿಗೆ ಟೆಸ್ಟಿಂಗ್ ನೆನಪಿರುತ್ತದೆ? ಒಬ್ಬ ಫೋನನ್ನೇ ಬದಲಾಯಿಸಿದ, ಇನ್ನಿಬ್ಬರು ಪರೀಕ್ಷೆಯಿಂದ ಹೊರಬಂದರು, ಸಂಖ್ಯೆ ಹನ್ನೆರಡಕ್ಕಿಂತ ಕೆಳಗೆ ಹೋಯಿತು, ಎಣಿಕೆ ಕೆಟ್ಟಿತು. ಎರಡನೇ ಸಲ ಇಪ್ಪತ್ತೈದು ಮಂದಿಯನ್ನು ಹಾಕಿಕೊಂಡೆ. ದುಡ್ಡು ಕೊಟ್ಟರೆ ಟೆಸ್ಟರ್ ಕೊಡುತ್ತೇವೆ ಅನ್ನುವ ಟೆಲಿಗ್ರಾಂ ಗುಂಪುಗಳೂ ಇವೆ. ನಾನು ಹೋಗಲಿಲ್ಲ. ಕೊನೆಗೆ ಅರ್ಜಿ ಹಾಕುವಾಗ ಟೆಸ್ಟರ್‌ಗಳು ಹೇಗೆ ಸಿಕ್ಕರು, ಏನು ಹೇಳಿದರು, ಅದರಿಂದ ಏನು ಬದಲಾಯಿಸಿದಿರಿ ಅಂತ ಕೇಳುತ್ತಾರೆ. ನಮ್ಮ ಹತ್ತಿರ ಬರೆಯಲು ನಿಜವಾದ ವಿಷಯ ಇತ್ತು. ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ತೋರಿಸಿ ಅಂತ ಕೇಳಿದ್ದೂ ಒಬ್ಬ ಟೆಸ್ಟರ್. ಆ 14 ದಿನಗಳಲ್ಲಿ ಉಳಿದ ಫಾರ್ಮ್‌ಗಳನ್ನು ತುಂಬಿಬಿಡಿ.

ಫಾರ್ಮ್ ಅಂದರೆ ಸಣ್ಣದಲ್ಲ. ಗೌಪ್ಯತಾ ನೀತಿಯ ಲಿಂಕ್ ಬೇಕು. ನಾನು ಗೂಗಲ್ ಸೈಟ್ಸ್‌ನಲ್ಲಿ ಉಚಿತವಾಗಿ ಒಂದು ಪುಟ ಮಾಡಿದೆ. ಯಾವ ಮಾಹಿತಿ ತೆಗೆದುಕೊಳ್ಳುತ್ತೀರಿ ಅಂತ ಡೇಟಾ ಸುರಕ್ಷತೆಯ ಫಾರ್ಮ್. ಆ್ಯಪ್‌ನಲ್ಲಿ ಖಾತೆ ಮಾಡಿಕೊಳ್ಳಬಹುದು ಅಂತಾದರೆ ಅಳಿಸಲು ಆ್ಯಪ್ ಒಳಗೂ ದಾರಿ ಇರಬೇಕು, ಹೊರಗೆ ವೆಬ್ ಲಿಂಕೂ ಇರಬೇಕು. ಐಕಾನ್ 512×512, ಮೇಲಿನ ದೊಡ್ಡ ಚಿತ್ರ 1024×500, ಕನಿಷ್ಠ ಎರಡು ಸ್ಕ್ರೀನ್‌ಶಾಟ್. ಮರೆಯಲೇಬಾರದ್ದು, ಪರಿಶೀಲಿಸುವವರು ಒಳಗೆ ಹೋಗಿ ನೋಡಲು ಒಂದು ಮೆಂಬರ್ ನಂಬರ್ ಮತ್ತು ಪಿನ್ ಬರೆದು ಕೊಡಬೇಕು. ನಮ್ಮದು ಓಟಿಪಿ ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿದ್ದೆವು. ಅವರ ಫೋನಿಗೆ ನಮ್ಮ ಓಟಿಪಿ ಎಲ್ಲಿಂದ ಬರಬೇಕು?

ವೆಬ್ ಆ್ಯಪನ್ನು ಸ್ಟೋರ್‌ಗೆ ಬೇಕಾದ ಫೈಲ್ ಮಾಡುವುದಕ್ಕೆ ಪಿಡಬ್ಲ್ಯೂಎ ಬಿಲ್ಡರ್ ಅನ್ನೋ ಉಚಿತ ಸಾಧನ ಬಳಸಿದೆವು. ಫೋನಿನಲ್ಲಿ ಹಾಕಿ ನೋಡಿದರೆ ಮೇಲೆ ಬ್ರೌಸರಿನ ವಿಳಾಸದ ಪಟ್ಟಿ ಹಾಗೇ ಕಾಣುತ್ತಿತ್ತು. ಸೈಟೂ ಆ್ಯಪೂ ಒಬ್ಬರದ್ದೇ ಅಂತ ತೋರಿಸುವ ಒಂದು ಸಣ್ಣ ಫೈಲ್ ಸೈಟಿನಲ್ಲಿ ಇಡಬೇಕು, ಅದರಲ್ಲಿ ಪ್ಲೇ ಕನ್ಸೋಲ್ ಕೊಡುವ ಸಹಿಯ ಗುರುತು ಹಾಕಬೇಕು, ಆ್ಯಪ್‌ಗೆ ಸಹಿ ಹಾಕುವ ನಮ್ಮದೇ ಕೀಲಿ ಫೈಲಿನದ್ದು ಸಾಲದು. ಇದು ಇಂಜಿನಿಯರಿಂಗ್ ಹುಡುಗ ಹುಡುಕಿದ್ದು, ನನಗೆ ಅರ್ಧವೇ ಅರ್ಥ ಆದದ್ದು. ಆ ಕೀಲಿ ಫೈಲನ್ನು ಮಾತ್ರ ಜೋಪಾನ ಮಾಡಿ, ಪೆನ್‌ಡ್ರೈವ್‌ನಲ್ಲೂ ಒಂದು ಪ್ರತಿ ಇರಲಿ. ಆ್ಯಪ್‌ನ ಪ್ಯಾಕೇಜ್ ಹೆಸರು, ಅಂದರೆ ಸ್ಟೋರ್ ಅದನ್ನು ಗುರುತಿಸುವ ಒಳಗಿನ ಹೆಸರು, ಒಮ್ಮೆ ಏರಿಸಿದರೆ ಮತ್ತೆ ಬದಲಾಯಿಸಲು ಬರುವುದಿಲ್ಲ, ಸುಮ್ನೆ 'ಟೆಸ್ಟ್' ಅಂತ ಇಡಬೇಡಿ.

ದುಡ್ಡಿನ ಕಡೆ ಬರುತ್ತೇನೆ. ಖಾನಾವಳಿಗೆ ತಿಂಗಳಿಗೆ 299 ಅಂತ ಇಟ್ಟೆ, ಹುಡುಗರಿಗೆ ಉಚಿತ. ವ್ಯವಹಾರದ ಹೆಸರಲ್ಲಿ ಕರೆಂಟ್ ಅಕೌಂಟ್ ಬೇಕು ಅಂತ ಬ್ಯಾಂಕಿಗೆ ಹೋದೆ. ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಮಾಡಿಸಿ ಅಂದರು. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ನಾವೇ ಮಾಡಬಹುದು, ಒಂದು ಪೈಸೆ ಇಲ್ಲ. ಹುಡುಕಿದರೆ ಮೇಲೆ ಬರುವ ಎಷ್ಟೋ ಸೈಟುಗಳು ಸರ್ಕಾರದ್ದೇ ಅನ್ನುವಂತೆ ಕಂಡು ಎರಡು ಮೂರು ಸಾವಿರ ಕೀಳುತ್ತವೆ. ಸೈಟಿನ ವಿಳಾಸದ ಕೊನೆಗೆ ಡಾಟ್ ಗವ್ ಡಾಟ್ ಇನ್ ಇದೆಯೇ ನೋಡಿ. ನನ್ನ ಆಧಾರ್‌ನಲ್ಲಿ ಅಡ್ಡಹೆಸರು ಕೊನೆಗೆ, ಪ್ಯಾನ್‌ನಲ್ಲಿ ಮೊದಲಿಗೆ, ನಡುವೆ ಅಪ್ಪನ ಹೆಸರು ಒಂದು ಕಡೆ ಪೂರ್ತಿ ಒಂದು ಕಡೆ ಇನಿಷಿಯಲ್. ಪ್ಯಾನ್ ತಿದ್ದುಪಡಿಗೆ ಹಾಕಿ ಕಾದದ್ದು ಆ್ಯಪ್ ಕಟ್ಟಿದ್ದಕ್ಕಿಂತ ಜಾಸ್ತಿ ಸಮಯ. ಏನೂ ಶುರು ಮಾಡುವ ಮೊದಲೇ ಇವೆರಡರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿಕೊಳ್ಳಿ.

ಆಮೇಲೆ ಬ್ಯಾಂಕಿನವರು ಅಂಗಡಿ ನೋಡಲು ಬರುತ್ತೇವೆ ಅಂದರು.

"ಅಂಗಡಿ ಎಲ್ಲಿ ಬರ್ತದ್ರಿ?"

"ಅಂಗಡಿ ಇಲ್ಲ ಸರ್, ಆ್ಯಪ್."

"ಹಂಗಾದ್ರ ಬೋರ್ಡ್ ಎಲ್ಲಿ ಹಚ್ಚೀರಿ?"

ಮನೆಯ ಮುಂದಿನ ಕೋಣೆಗೆ ಫ್ಲೆಕ್ಸ್ ಹಚ್ಚಿದೆ, ಮುನ್ನೂರು ರೂಪಾಯಿ. ಫೋಟೋ ತೆಗೆದುಕೊಂಡು ಹೋದರು. ಖಾತೆ ಆಯಿತು. ಬೋರ್ಡ್ ಈಗಲೂ ಇದೆ, ಓಣಿಯ ಮಕ್ಕಳು ಮೊಬೈಲ್ ರಿಪೇರಿ ಮಾಡ್ತೀರಾ ಅಂತ ಬರುತ್ತಾರೆ.

ಆನ್‌ಲೈನ್‌ನಲ್ಲಿ ದುಡ್ಡು ತೆಗೆದುಕೊಳ್ಳಲು ಪೇಮೆಂಟ್ ಗೇಟ್‌ವೇಗೂ ಅರ್ಜಿ ಹಾಕಿದ್ದೆ. ಸೈಟಿನಲ್ಲಿ ನಿಯಮಗಳು, ದುಡ್ಡು ವಾಪಸ್ ಕೊಡುವ ನೀತಿ, ಸಂಪರ್ಕದ ಪುಟ ಎಲ್ಲ ಇರಬೇಕು, ಆಮೇಲೆ ಪ್ರತಿ ವಹಿವಾಟಿಗೆ ಸುಮಾರು 2 ಪರ್ಸೆಂಟ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಆರೆಂಟು ಗಿರಾಕಿಗಳಿಗೆ ಇದೆಲ್ಲ ಯಾಕೆ? ವಾರವಾರ ಹೇಗೂ ಕಿರಾಣಿ ಬಾಕಿ ತರಲು ಅದೇ ಖಾನಾವಳಿಗೆ ಹೋಗುತ್ತೇನೆ, ತಿಂಗಳಿಗೊಮ್ಮೆ ಯುಪಿಐ ಕ್ಯೂಆರ್ ತೋರಿಸುತ್ತೇನೆ. ಆ್ಯಪ್ ಒಳಗೆ ಡಿಜಿಟಲ್ ಸೇವೆ ಮಾರಿದರೆ ಪ್ಲೇ ಸ್ಟೋರ್‌ನ ಬಿಲ್ಲಿಂಗ್ ನಿಯಮಗಳೂ ಬರುತ್ತವೆ, ಹಾಗಾಗಿ ಆ್ಯಪ್‌ನಲ್ಲಿ ದುಡ್ಡಿನ ಮಾತೇ ಎತ್ತಿಲ್ಲ. ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು ಅಂತ ಹೆದರಿಸುವವರು ಸಿಗುತ್ತಾರೆ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ ಅದರ ಮಾತು. ನಮ್ಮದು ಆ ಹಾದಿಯಲ್ಲಿ ಇನ್ನೂ ಹೊಸ್ತಿಲೂ ದಾಟಿಲ್ಲ.

ಒಟ್ಟು ಖರ್ಚು: ಎಐ ಸಾಧನಕ್ಕೆ ಎರಡು ತಿಂಗಳದ್ದು ಸುಮಾರು ಐದು ಸಾವಿರ, ಹುಡುಗನಿಗೆ ಎಂಟು ಸಾವಿರ, ಆಮೇಲೆ ಸ್ಟೋರ್ ಕೆಲಸಕ್ಕೆ ಇನ್ನೆರಡು ಸಾವಿರ, ಪ್ಲೇ ಖಾತೆಗೆ ಎರಡು ಸಾವಿರದ ಮೇಲೆ, ಡಾಟ್ ಇನ್ ವಿಳಾಸಕ್ಕೆ ವರ್ಷಕ್ಕೆ ಏಳುನೂರು ಚಿಲ್ಲರೆ, ಫ್ಲೆಕ್ಸ್, ಝೆರಾಕ್ಸ್, ಪೆಟ್ರೋಲ್. ಇಪ್ಪತ್ತು ಸಾವಿರದ ಒಳಗೆ. ಗಾಡಿ ರಿಪೇರಿಯೂ ಆಯಿತು.

ಸ್ಟೋರ್‌ಗೆ ಬಿಡುವ ಒಪ್ಪಿಗೆ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಒಂದು ವಾರದೊಳಗೆ ಉತ್ತರ ಬರುತ್ತದೆ. ಆ ವಾರ ನಾನು ದಿನಕ್ಕೆ ಎಷ್ಟು ಸಲ ಇಮೇಲ್ ನೋಡಿದೆನೋ. ಒಪ್ಪಿಗೆ ಬಂದದ್ದು ಆಶ್ರಮ ರೋಡಿನ ಒಂದು ಖಾನಾವಳಿಯಲ್ಲಿ ವಸೂಲಿಗೆ ಕೂತಿದ್ದಾಗ. ಅಲ್ಲೇ ಮಾಲೀಕ ಕಾಕಾಗೆ ತೋರಿಸಿದೆ. "ಈಗ ಐತಿ ನೋಡ್ರಿ ಕಾಕಾ ಪ್ಲೇ ಸ್ಟೋರ್‌ನ್ಯಾಗ" ಅಂದರೆ, ಅವರು ಕನ್ನಡಕ ಏರಿಸಿ ನೋಡಿ, "ತತ್ತಿ ಲೆಕ್ಕ ಬರ್ತದೇನು ಇದರಾಗ?" ಅಂದರು. ಬರುವುದಿಲ್ಲ. ಅವರ ಖಾನಾವಳಿಯಲ್ಲಿ ವಾರಕ್ಕೆ ಎರಡು ದಿನ ತತ್ತಿ, ತಿನ್ನದವರ ಪಟ್ಟಿ ಬೇರೆ. ಇನ್ನೂ ಮೂರು ಖಾನಾವಳಿಯವರು ಅದನ್ನೇ ಕೇಳಿದರೆ ಮಾಡುತ್ತೇನೆ, ಅಲ್ಲಿಯವರೆಗೆ ಇಲ್ಲ ಅಂತ ಹೇಳಿದ್ದೇನೆ. ಆದರೂ ಸೇರಿಕೊಂಡರು, ಮೊದಲ ತಿಂಗಳು ಉಚಿತ ಅಂತ ಚೌಕಾಸಿ ಮಾಡಿ.

ಒಂದು ಖಾನಾವಳಿ ಬಿಟ್ಟೂ ಹೋಗಿದೆ. ಅವರಲ್ಲಿ ಮೆಂಬರ್‌ಗಳಿಗಿಂತ ಬಂದು ಉಂಡು ಹೋಗುವವರೇ ಹೆಚ್ಚು, ಸೂಟಿ ಲೆಕ್ಕದಿಂದ ಅವರಿಗೆ ಏನೂ ಸಿಗಲಿಲ್ಲ. ಸರಿಯಾಗಿಯೇ ಬಿಟ್ಟರು.

ಐಫೋನ್‌ಗೆ ಯಾವಾಗ ಅಂತ ಕೇಳುವ ಹುಡುಗರೂ ಇದ್ದಾರೆ. ಆ್ಯಪಲ್‌ನ ಡೆವಲಪರ್ ಖಾತೆಗೆ ವರ್ಷಕ್ಕೆ 99 ಡಾಲರ್, ಪ್ರತಿ ವರ್ಷ ಕಟ್ಟುತ್ತಿರಬೇಕು. ಎಲ್ಲ ಖಾನಾವಳಿ ಸೇರಿಸಿದರೂ ಐಫೋನ್ ಇರುವವರು ಕೈಬೆರಳಿಗೆ ಸಿಗುವಷ್ಟು. ಅವರಿಗೆ ಹಳೆಯ ವೆಬ್ ಲಿಂಕ್ ಕೊಟ್ಟಿದ್ದೇನೆ, ಸೂಟಿ ಅದರಲ್ಲೂ ಬೀಳುತ್ತದೆ.